ಎಡ್ವರ್ಡ್ ಜೆನ್ನರ್

ಇಂಗ್ಲೆಂಡಿನ ಬರ್ಕ್‌ಲಿ ಎಂಬ ಚಿಕ್ಕ ಊರಿನಲ್ಲಿ 1749ರ ಮೇ 17ರಂದು ಎಡ್ವರ್ಡ್ ಜೆನ್ನರನು ಜನಿಸಿದನು. ತಂದೆ ಆ ಊರಿನ ಪಾದ್ರಿ. ಐದರ ಎಳವೆಯಲ್ಲಿಯೇ ಬಾಲಕನು ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡನು.

ಆ ಕಾಲದಲ್ಲಿ ಸಿಡುಬೆಂದರೆ ಜನ ನಡುಗುತ್ತಿದ್ದರು. ಅದು ತಗುಲಿದವರಲ್ಲಿ ಅನೇಕರು ಸಾಯುತ್ತಿದ್ದರು. ಬದುಕಿದವರ ಮುಖದಲ್ಲಿ ಕಲೆಗಳು ಉಳಿಯುತ್ತಿದ್ದವು, ಕೆಲವರಿಗೆ ದೃಷ್ಟಿಯೇ ಹೋಗುತ್ತಿತ್ತು. ಒಮ್ಮೆ ಬಂದವರಿಗೆ ಅದು ಮತ್ತೆ ಬಾರದೆಂಬುದನ್ನು ಅರಿತಿದ್ದ ವೈದ್ಯರು ರೋಗಿಯ ಗುಳ್ಳೆಯ ಕೀವನ್ನು ಆರೋಗ್ಯವಂತರ ತೋಳಿನಲ್ಲಿ ಗೀರಿ ಸೇರಿಸುತ್ತಿದ್ದರು. ಸಾಮಾನ್ಯವಾಗಿ ರೋಗವು ಲಘುವಾಗಿ ಬಂದು ಹೋಗುತ್ತಿತ್ತು. ಕೆಲವೊಮ್ಮೆ ಪ್ರಾಣವನ್ನೇ ಒಯ್ಯುತ್ತಿತ್ತು. ಎಂಟನೆಯ ವಯಸ್ಸಿನಲ್ಲಿ ಜೆನ್ನರನಿಗೂ ಈ ಚಿಕಿತ್ಸೆ ನಡೆಯಿತು. ಅದಕ್ಕೆ ಮುನ್ನ ವಾರಗಟ್ಟಲೆ ಅವನನ್ನು ಅರೆಹೊಟ್ಟೆಯಲ್ಲಿರಿಸಿ, ರಕ್ತ ತೆಗೆದು ನಿತ್ರಾಣಗೊಳಿಸಿದ್ದರು.

ಮುಂದೆ ಅವನು ಲಂಡನ್ನಿನಲ್ಲಿ ಜಾನ್ ಹಂಟರನ ಬಳಿ ವೈದ್ಯಶಾಸ್ತ್ರವನ್ನು ಅಭ್ಯಾಸಮಾಡಿ, ಹುಟ್ಟೂರಿಗೆ ಮರಳಿ ವೈದ್ಯನಾದನು. ಹಸುಗಳ ಕೆಚ್ಚಲಿನಲ್ಲಿ ಏಳುವ ಗೋಸಿಡುಬು ಹಾಲು ಕರೆಯುವವರ ಕೈಗೆ ಅಂಟಿದರೆ, ಅವರಿಗೆ ಸಿಡುಬು ತಗುಲದೆಂಬ ನಂಬಿಕೆ ಆ ಸೀಮೆಯ ಹಳ್ಳಿಗರಲ್ಲಿತ್ತು. 1774ರಲ್ಲಿಯೇ ಬೆಂಜಮಿನ್ ಜೆಸ್ಟಿ ಎಂಬ ರೈತನು ಧೈರ್ಯಮಾಡಿ ತನ್ನ ಹೆಂಡತಿ ಮಕ್ಕಳಿಗೆ ಗೋಸಿಡುಬಿನ ಕೀವನ್ನು ಚುಚ್ಚಿದ್ದನು. ಆದರೆ ಆ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿ ಲೋಕದ ಮುಂದಿಟ್ಟವನು ಜೆನ್ನರನೇ.

1796ರ ಮೇ 14ರಂದು ಅವನು ಸಾರಾ ನೆಲ್ಮ್ಸ್ ಎಂಬ ಗೊಲ್ಲತಿಯ ಕೈಯ ಗುಳ್ಳೆಯಿಂದ ಕೀವನ್ನು ತೆಗೆದು, ಎಂಟು ವರ್ಷದ ಜೇಮ್ಸ್ ಫಿಪ್ಸನ ತೋಳಿನಲ್ಲಿ ಗೀರಿ ಸೇರಿಸಿದನು. ಜೇಮ್ಸನು ಜೆನ್ನರನ ತೋಟದ ಮಾಲಿಯ ಮಗ. ಹುಡುಗನಿಗೆ ತುಸು ಜ್ವರ ಬಂದು ಇಳಿಯಿತು. ಜುಲೈ 1ರಂದು ಅದೇ ಹುಡುಗನಿಗೆ ನಿಜವಾದ ಸಿಡುಬಿನ ಕೀವನ್ನೇ ಚುಚ್ಚಿದನು. ನಂಬಿಕೆ ಸುಳ್ಳಾಗಿದ್ದರೆ ಆ ಬಡ ಬಾಲಕನ ಗತಿಯೇನು? ಇಂದಾದರೆ ಯಾವ ವೈದ್ಯನಿಗೂ ಇಂಥ ಪರೀಕ್ಷೆಗೆ ಅನುಮತಿ ದೊರೆಯಲಾರದು. ಜೇಮ್ಸನಿಗೆ ಸಿಡುಬು ಬರಲಿಲ್ಲ.

ರಾಯಲ್ ಸೊಸೈಟಿಯು ಜೆನ್ನರನ ಲೇಖನವನ್ನು ಸ್ವೀಕರಿಸಲಿಲ್ಲ. ಅವನು ಮತ್ತಷ್ಟು ನಿದರ್ಶನಗಳನ್ನು ಕೂಡಿಸಿ, 1798ರಲ್ಲಿ ಸ್ವಂತ ಖರ್ಚಿನಿಂದ ಪುಸ್ತಕವನ್ನು ಪ್ರಕಟಿಸಿದನು. ಚುಚ್ಚಿಸಿಕೊಂಡವರ ಮೈಯಿಂದ ಹಸುಗಳು ಮೊಳೆತು ಬರುವಂತೆ ವ್ಯಂಗ್ಯಚಿತ್ರವನ್ನು ಬರೆದು ನಕ್ಕವರೂ ಇದ್ದರು. ಆದರೂ ಲಸಿಕೆ ದೇಶದಿಂದ ದೇಶಕ್ಕೆ ಹಬ್ಬಿತು. 1802ರ ಜೂನಿನಲ್ಲಿ ಮುಂಬಯಿಯನ್ನು ತಲಪಿ, ಮೊದಲು ಮೂರು ವರ್ಷದ ಒಬ್ಬ ಹೆಣ್ಣುಮಗುವಿನ ತೋಳಿಗೆ ಬಿತ್ತು. ಸಿಡುಬನ್ನು ದೇವಿಯೆಂದೇ ಕರೆಯುತ್ತಿದ್ದ ನಮ್ಮ ನಾಡಿನಲ್ಲಿ ಅದಕ್ಕೆ ದೇವಿ ಹಾಕುವುದೆಂಬ ಹೆಸರು ಬಂದಿತು. ಜಗತ್ತಿನಿಂದ ಸಿಡುಬು ತೊಲಗಿತೆಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಬ್ರಿಟಿಷ್ ಪಾರ್ಲಿಮೆಂಟು ಜೆನ್ನರನಿಗೆ ಎರಡು ಸಲ ಸೇರಿ 30,000 ಪೌಂಡುಗಳನ್ನು ನೀಡಿತು. ಅವನು ತೋಟದ ಗುಡಿಸಲಿನಲ್ಲಿ ಕುಳಿತು ಬಡವರಿಗೆ ಉಚಿತವಾಗಿ ಲಸಿಕೆ ಹಾಕುತ್ತಿದ್ದನು. ಸಿಡುಬನ್ನು ಗೆದ್ದವನ ಹಿರಿಯ ಮಗನೂ ಹೆಂಡತಿಯೂ ಕ್ಷಯಕ್ಕೆ ತುತ್ತಾದರು. ಜೇಮ್ಸ್ ಫಿಪ್ಸ್ ಬೆಳೆದು ಸಂಸಾರಿಯಾದ ಮೇಲೆ ಜೆನ್ನರನು ಅವನಿಗೆ ಬಾಡಿಗೆಯಿಲ್ಲದೆ ವಾಸಿಸಲು ಮನೆಯೊಂದನ್ನು ಕೊಟ್ಟನು. 1823ರ ಜನವರಿ 26ರಂದು ಜೆನ್ನರನು ಕಣ್ಮುಚ್ಚಿದಾಗ, ಶವಸಂಸ್ಕಾರಕ್ಕೆ ನೆರೆದವರ ನಡುವೆ ಜೇಮ್ಸನೂ ನಿಂತಿದ್ದನು.