ರೈಸ್ ಸಾಹೇಬರೂ ಕೂಟಶಾಸನಗಳೂ

ಅಂತರಜಾಲದ ಹರಾಜಿನಲ್ಲಿ ವಿದೇಶಿ ಹೆಸರಿನ ದುಬಾರಿ ಕೈಚೀಲವನ್ನು ಕೊಳ್ಳಹೊರಟವರು ಮೊದಲು ಹೊಲಿಗೆಯನ್ನು ನೋಡುತ್ತಾರೆ. ಬಳಿಕ ಕೊಂಡಿಯ ಮೇಲಿನ ಅಕ್ಷರ, ಒಳಮಗ್ಗುಲಿನ ಸಂಖ್ಯೆ, ಕೊನೆಗೆ ಮಾರುವವನ ಪೂರ್ವಾಪರ. ಹೆಸರಿಗೆ ಬೆಲೆ ಬಂದಲ್ಲೆಲ್ಲ ಅದರ ನಕಲು ಹುಟ್ಟುವುದು ಹೊಸತೇನಲ್ಲ. ನಮ್ಮಲ್ಲಿ ಒಂದು ಕಾಲಕ್ಕೆ ಹಳೆಯ ಅರಸರ ಹೆಸರಿಗೆ ಹೊಲಗದ್ದೆಗಳ ಬೆಲೆಯೇ ಇತ್ತು. ಆ ಹೆಸರು ಹೊತ್ತ ತಾಮ್ರಪಟಗಳಲ್ಲಿ ಯಾವುದು ಅಸಲಿ, ಯಾವುದು ಕೂಟ ಎಂಬ ವಾದದಲ್ಲಿ ದಶಕಗಳನ್ನು ಕಳೆದವರು ಬೆಂಜಮಿನ್ ಲೂಯಿಸ್ ರೈಸ್. ಆ ವಾದದಲ್ಲಿ ಅವರು ಅನೇಕ ಕಡೆ ಸೋತರು. ಅವರು ಪ್ರಶ್ನಾತೀತವಾಗಿ ಗೆದ್ದದ್ದು ಚಿತ್ರದುರ್ಗ ಜಿಲ್ಲೆಯ ಬಂಡೆಗಳ ಮೇಲೆ.

ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲಿ. ತಂದೆ ಲಂಡನ್ ಮಿಷನ್ನಿನ ಪಾದ್ರಿ, ಕನ್ನಡ ಬಲ್ಲವರು. ಇಂಗ್ಲೆಂಡಿನಲ್ಲಿ ಓದು ಮುಗಿಸಿದ ಮಗ 1860ರಲ್ಲಿ ಮರಳಿ ಬಂದು, ಮುಂದೆ ಸೆಂಟ್ರಲ್ ಕಾಲೇಜಾದ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಅನಂತರ ಮೈಸೂರು–ಕೊಡಗುಗಳ ವಿದ್ಯಾ ಇಲಾಖೆಯ ನಿರ್ದೇಶಕರು. ಶಾಲೆಗಳ ತನಿಖೆಗೆಂದು ಊರೂರು ತಿರುಗುವ ಅಧಿಕಾರಿಗೆ ದೇಗುಲದ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ ನಿಂತ ಕಲ್ಲುಗಳು ಕಣ್ಣಿಗೆ ಬೀಳದೆ ಇರುವುದಿಲ್ಲ. ಮೇಜರ್ ಡಿಕ್ಸನ್ 1865ರಲ್ಲಿ ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳನ್ನು ಓದಿ ಭಾಷಾಂತರಿಸುವ ಕೆಲಸ ಅವರ ಪಾಲಿಗೆ ಬಂತು. 1879ರಲ್ಲಿ ಅದು ಪುಸ್ತಕವಾಗುವ ಹೊತ್ತಿಗೆ ಮೇಷ್ಟರು ಶಾಸನತಜ್ಞರಾಗಿದ್ದರು.

ಕಲ್ಲು ನಿಂತಲ್ಲೇ ನಿಲ್ಲುತ್ತದೆ, ತಾಮ್ರಪಟ ಹಾಗಲ್ಲ. ಕೆಲವು ಹಲಗೆಗಳು, ಅವುಗಳನ್ನು ಪೋಣಿಸಿದ ಒಂದು ಉಂಗುರ, ಉಂಗುರದ ಮೇಲೆ ರಾಜಮುದ್ರೆ. ಪೆಟ್ಟಿಗೆಯಲ್ಲಿಟ್ಟು ತಲೆಮಾರಿನಿಂದ ತಲೆಮಾರಿಗೆ ಸಾಗಿಸಬಹುದಾದ ಹಕ್ಕುಪತ್ರ ಅದು. ತಕರಾರು ಬಂದಾಗ ತೆಗೆದು ತೋರಿಸಬಹುದು. ಇಲ್ಲದಿದ್ದರೆ ಮಾಡಿಸಿಯೂ ತೋರಿಸಬಹುದು. ಎಲ್ಲ ಕೂಟಪತ್ರಗಳ ಹಿಂದೆಯೂ ದುರಾಸೆಯೇ ಇತ್ತೆಂದು ಹೇಳಲಾಗದು. ಕಳೆದುಹೋದ, ಸುಟ್ಟುಹೋದ ನಿಜದಾನದ ಪತ್ರವನ್ನು ನೆನಪಿನಿಂದ ಮತ್ತೆ ಬರೆಸಿದ ಬಡಪಾಯಿಗಳೂ ಇದ್ದಿರಬೇಕು. ಆದರೆ ಬರೆಯುವವನ ಕೈ ಅವನ ಕಾಲವನ್ನು ಬಿಟ್ಟುಕೊಡುತ್ತದೆ. ಲಿಪಿಯ ಬಾಗು, ತಿಥಿಗೂ ವಾರಕ್ಕೂ ಆಗುವ ಹೊಂದಾಣಿಕೆ, ವಂಶಾವಳಿಯ ಕ್ರಮ, ಬಿರುದುಗಳು: ಪರೀಕ್ಷಕರು ಹಿಡಿಯುತ್ತಿದ್ದ ಎಳೆಗಳು ಇವು.

ಇಂಥ ಪರೀಕ್ಷೆಯ ಸ್ವಾರಸ್ಯಕ್ಕೆ ಒಂದು ನಿದರ್ಶನವನ್ನು ಹೇಳಬೇಕು. ಮಹಾಭಾರತದ ಜನಮೇಜಯನೇ ಸರ್ಪಯಾಗದ ಕಾಲದಲ್ಲಿ ಕೊಟ್ಟನೆನ್ನುವ ತಾಮ್ರಪಟಗಳು ಮಲೆನಾಡಿನ ಅಗ್ರಹಾರಗಳಲ್ಲಿದ್ದವು. ದಾನ ನಡೆದ ಸ್ಥಳ ತುಂಗಭದ್ರಾ–ಹರಿದ್ರಾ ಸಂಗಮ, ಎಂದರೆ 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಹರಿಹರ. ಪತ್ರ ಬರೆದವರು ಪುಣ್ಯ ಹೆಚ್ಚಲೆಂದೋ ಏನೋ ಸೂರ್ಯಗ್ರಹಣವೊಂದನ್ನೂ ಸೇರಿಸಿದ್ದರು. ಇಂಗ್ಲೆಂಡಿನ ರಾಜಖಗೋಳಜ್ಞ ಏರಿ ಲೆಕ್ಕ ಹಾಕಿದಾಗ ಆ ಗ್ರಹಣಕ್ಕೆ ಹೊಂದಿದ ದಿನ 1521ರ ಏಪ್ರಿಲ್ 7. ದ್ವಾಪರ–ಕಲಿಯುಗಗಳ ಸಂಧಿಯಿಂದ ದಾನಪತ್ರವು ಕೃಷ್ಣದೇವರಾಯನ ಆಳ್ವಿಕೆಗೆ ಜಾರಿ ಬಿದ್ದಿತ್ತು!

ಜನಮೇಜಯನ ವಿಷಯದಲ್ಲಿ ಮೋಸ ಹೋಗುವುದು ಕಷ್ಟ. ತಲಕಾಡಿನ ಗಂಗರ ವಿಷಯದಲ್ಲಿ ಹಾಗಿರಲಿಲ್ಲ. ಗಂಗರ ಆದಿಚರಿತ್ರೆ ಬಹುಮಟ್ಟಿಗೆ ತಾಮ್ರಪಟಗಳನ್ನೇ ಅವಲಂಬಿಸಿತ್ತು, ರೈಸ್ ಅವುಗಳನ್ನು ನಂಬಿದರು. ಎದುರು ನಿಂತವರು ಮುಂಬೈ ಪ್ರಾಂತ್ಯದ ಅಧಿಕಾರಿ ಜಾನ್ ಫೇತ್‌ಫುಲ್ ಫ್ಲೀಟ್. ಕನ್ನಡ ಶಾಸನಗಳ ಓದಿನಲ್ಲಿ ರೈಸರಿಗೆ ಸರಿಸಮ, ಸಂಶಯದಲ್ಲಿ ಒಂದು ಕೈ ಮೇಲು. ಕೊಡಗಿನ ಮಡಿಕೇರಿಯ ತಾಮ್ರಪಟ ಶಕ 388ರದೆಂದು, ಎಂದರೆ ಕ್ರಿ.ಶ. 466ರದೆಂದು ರೈಸ್ ಎಣಿಸಿದ್ದರು. ಅದರಲ್ಲಿ ಅಕಾಲವರ್ಷ ಎಂಬ ಹೆಸರಿದೆ. ಅದು ಶತಮಾನಗಳ ಬಳಿಕ ಬಂದ ರಾಷ್ಟ್ರಕೂಟರ ಬಿರುದು. ಅಕ್ಷರಗಳೂ ಐದನೆಯ ಶತಮಾನದವಲ್ಲ. 1901ರಲ್ಲಿ ಫ್ಲೀಟ್ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕೂಟಶಾಸನಗಳ ದೀರ್ಘ ಪಟ್ಟಿಯನ್ನೇ ಪ್ರಕಟಿಸಿದರು. ರೈಸ್ ಆದರಿಸಿದ ಗಂಗರ ಪತ್ರಗಳು ಅಲ್ಲಿ ಸಾಲಾಗಿ ನಿಂತಿದ್ದವು. ಹುಟ್ಟಿದ ನೆಲದ ಮೇಲಿನ ಮಮತೆ ರೈಸರ ಕಣ್ಣನ್ನು ಕೊಂಚ ಮಂಜಾಗಿಸಿತ್ತೆಂದು ನನಗೆ ತೋರುತ್ತದೆ. ಫ್ಲೀಟರ ಕಣ್ಣನ್ನೂ ಅವರ ಸಂಶಯ ಮಂಜಾಗಿಸಿತ್ತು. ಪೆನುಕೊಂಡೆಯ ತಾಮ್ರಪಟ ಬೆಳಕಿಗೆ ಬಂದ ಮೇಲೆ, 1915ರಲ್ಲಿ, ಅವರೇ ಅದನ್ನು ಐದನೆಯ ಶತಮಾನದ ಅಸಲಿ ಗಂಗ ಶಾಸನವೆಂದು ಒಪ್ಪಿದರು. ಪತ್ರಗಳಲ್ಲಿ ಹಲವು ಕೂಟ, ಆದರೆ ಆ ಪ್ರಾಚೀನ ಅರಸರು ಕಟ್ಟುಕತೆಯಲ್ಲ ಎಂಬಲ್ಲಿಗೆ ವಾದ ಬಂದು ನಿಂತಿತು.

ಈ ಜಗಳದ ನಡುವೆಯೇ, 1892ರಲ್ಲಿ, ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ರೈಸ್ ಅಶೋಕನ ಶಾಸನಗಳನ್ನು ಕಂಡುಹಿಡಿದರು. ಮೈಸೂರು ಸೀಮೆಗೆ ಮೌರ್ಯರ ನಂಟಿತ್ತೆಂದು ಸಾಧಿಸಲು ಅಲ್ಲಿಯವರೆಗೆ ಮುಖ್ಯವಾಗಿ ಶ್ರವಣಬೆಳಗೊಳದ ಐತಿಹ್ಯವನ್ನೇ ಆಧರಿಸಬೇಕಾಗಿತ್ತು. ಈಗ ಬಂಡೆಯೇ ಮಾತಾಡಿತು. ಉತ್ತರದ ರೂಪನಾಥ, ಸಹಸ್ರಾಮ, ಬೈರಾಟಗಳಲ್ಲಿ ಮೊದಲೇ ದೊರೆತಿದ್ದ ಪಾಠವೇ ಇಲ್ಲಿಯೂ ಇತ್ತು. ಸುವರ್ಣಗಿರಿಯ ಆರ್ಯಪುತ್ರನು ಇಸಿಲದ ಮಹಾಮಾತ್ರರಿಗೆ ಅದನ್ನು ಕಳುಹಿಸಿದ್ದ. ಕೊನೆಯಲ್ಲಿ ಬರೆದವನ ಹೆಸರು ಚಪಡ. ಲಿಪಿಕಾರನೆಂಬ ಮಾತನ್ನು ಆತ ಬ್ರಾಹ್ಮಿಯಲ್ಲಿ ಬರೆಯದೆ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಗಾಂಧಾರದ ಕಡೆಯ ಆ ಲಿಪಿಯನ್ನು ಮೊಳಕಾಲ್ಮೂರಿನ ಕಲ್ಲಿನ ಮೇಲೆ ಕೊರೆದು ಮೋಸ ಮಾಡಬಲ್ಲ ಕೂಟಗಾರ ಯಾವ ಕಾಲದಲ್ಲಿದ್ದಾನು? ಇದಕ್ಕಿಂತ ಸ್ಪಷ್ಟವಾದ ಮುದ್ರೆ ಬೇಕಿಲ್ಲ. ಫ್ಲೀಟರೂ ಈ ಶಾಸನಗಳ ಅರ್ಥದ ಬಗ್ಗೆ ವರ್ಷಗಟ್ಟಲೆ ಬರೆದರೇ ಹೊರತು ಅವುಗಳ ಪ್ರಾಮಾಣ್ಯವನ್ನು ಶಂಕಿಸಲಿಲ್ಲ.

ಅಸಲಿಯೆಂದ ಮಾತ್ರಕ್ಕೆ ಓದು ಸರಿಯಾಗಬೇಕಿಲ್ಲ ಎಂಬುದಕ್ಕೂ ದುರ್ಗವೇ ಸಾಕ್ಷಿ. ಚಂದ್ರವಳ್ಳಿಯ ಮಯೂರಶರ್ಮನ ಶಾಸನ ರೈಸರ ಕಣ್ಣಿಗೆ ಬೀಳದೆ ಉಳಿದು, 1929ರಲ್ಲಿ ಎಂ.ಎಚ್. ಕೃಷ್ಣ ಅವರಿಗೆ ಸಿಕ್ಕಿತು. ಆ ಕಲ್ಲಿನ ಬಗ್ಗೆ ಜಗಳವಿಲ್ಲ. ಮಯೂರಶರ್ಮ ಗೆದ್ದ ರಾಜ್ಯಗಳೆಂದು ಕೃಷ್ಣ ಓದಿದ ಪಟ್ಟಿಯನ್ನು ಮಾತ್ರ ಅನಂತರದ ವಿದ್ವಾಂಸರು ಬೇರೆಯಾಗಿಯೇ ಓದಿದರು.

ರೈಸ್ 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿದರು. 1927ರಲ್ಲಿ ಹ್ಯಾರೋದಲ್ಲಿ ತೀರಿಕೊಂಡರು. ಉಳಿದದ್ದು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳು, 8,869 ಶಾಸನಗಳು. ಹನ್ನೊಂದನೆಯದು ಚಿತ್ರದುರ್ಗ ಜಿಲ್ಲೆಗೆ ಮೀಸಲು. ತಾವು ನಂಬಿದ ಪತ್ರಗಳನ್ನೂ ಇಡಿಯಾಗಿ ಅಚ್ಚು ಹಾಕಿಸಿ, ಕನ್ನಡ ಲಿಪಿ, ರೋಮನ್ ಲಿಪಿ, ಇಂಗ್ಲಿಷ್ ಅನುವಾದ ಮೂರನ್ನೂ ಓದುಗರ ಮುಂದಿಟ್ಟವರು ಅವರು. ಅವರ ತಪ್ಪನ್ನು ಹಿಡಿಯಲು ಬೇಕಾದ ಸಾಮಗ್ರಿ ಅವರ ಪುಸ್ತಕದಲ್ಲಿಯೇ ಸಿಗುತ್ತದೆ.

ಕೈಚೀಲಗಳನ್ನು ಮಾರುವ ಜಾಲತಾಣಗಳಲ್ಲಿಯೇ ಇಂದು ಹಳೆಯ ನಾಣ್ಯ, ವಿಗ್ರಹ, ಲೋಹದ ಹಲಗೆಗಳೂ ಹರಾಜಾಗುತ್ತವೆ. ಪ್ರಾಚ್ಯವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕೆಂದು 1972ರ ಕಾಯ್ದೆ ಹೇಳುತ್ತದೆ. ಅಲ್ಲಿ ವಸ್ತುವಿನ ಚಿತ್ರ ಬಲು ಸ್ಫುಟವಾಗಿರುತ್ತದೆ, ಸಿಕ್ಕಿದ ಊರಿನ ಹೆಸರು ಅಪರೂಪ. ರೈಸರ ಸಂಪುಟದಲ್ಲಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಹೀಗೆ ತಾಲ್ಲೂಕುವಾರು ಸಂಖ್ಯೆಗಳಿವೆ. ಪ್ರತಿ ಶಾಸನದ ತಲೆಯ ಮೇಲೆ ಊರು, ಕಲ್ಲಾದರೆ ಅದು ನಿಂತ ಜಾಗ, ತಾಮ್ರಪಟವಾದರೆ ಅದು ಯಾರ ವಶದಲ್ಲಿತ್ತೆಂಬ ಒಂದು ಸಾಲು.