ಕ್ರಿಸ್ಟಿಯಾನ್ ಹೈಗೆನ್ಸ್ (1629–1695)

ಲೋಲಕ ಗಡಿಯಾರದ ನಿರ್ಮಾತೃ, ಪ್ರಖ್ಯಾತ ಭೌತವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ ಅವರು ದಿನಾಂಕ 14-4-1629ರಂದು ನೆದರ್ಲೆಂಡ್ಸ್ ದೇಶದ ಹೇಗ್ ನಗರದಲ್ಲಿ ಜನಿಸಿದರು. ತಂದೆ ರಾಜತಾಂತ್ರಿಕರೂ ಕವಿಯೂ ಆಗಿದ್ದರು. ಲೈಡನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಮತ್ತು ಗಣಿತ ವ್ಯಾಸಂಗ ಮಾಡಿದ ಹೈಗೆನ್ಸ್, ತಂದೆಯ ವೃತ್ತಿಗೆ ಬದಲಾಗಿ ವಿಜ್ಞಾನವನ್ನು ಆರಿಸಿಕೊಂಡರು. 1655ರಲ್ಲಿ ಶನಿಗ್ರಹದ ಉಪಗ್ರಹವಾದ ಟೈಟಾನ್ ಅನ್ನು ಪತ್ತೆ ಹಚ್ಚಿದವರೂ ಇವರೇ.

ಅಂದಿನ ಗಡಿಯಾರಗಳು ದಿನಕ್ಕೆ ಸುಮಾರು 15 ನಿಮಿಷ ತಪ್ಪುತ್ತಿದ್ದವು. ನಡುಗಡಲಿನಲ್ಲಿ ಹಡಗಿನ ರೇಖಾಂಶವನ್ನು ತಿಳಿಯಲು ನಿಖರವಾದ ಕಾಲಮಾಪನ ಅತ್ಯಗತ್ಯ. 4 ನಿಮಿಷದ ವ್ಯತ್ಯಾಸವು ಸಮಭಾಜಕ ವೃತ್ತದಲ್ಲಿ ಸುಮಾರು 111 ಕಿ.ಮೀ.ಗಳ ತಪ್ಪಿಗೆ ಸಮ. ಈ ಲೆಕ್ಕ ತಪ್ಪಿದ ಹಡಗುಗಳು ಬಂಡೆಗೆ ಬಡಿದು ನಾವಿಕರು ಅಸುನೀಗುತ್ತಿದ್ದರು. 1656ರ ಅಂತ್ಯದಲ್ಲಿ ಹೈಗೆನ್ಸ್ ಗಡಿಯಾರಕ್ಕೆ ಲೋಲಕವನ್ನು ಅಳವಡಿಸಿದ ತರುವಾಯ ದಿನದ ತಪ್ಪು ಸುಮಾರು 15 ಸೆಕೆಂಡುಗಳಿಗೆ ಇಳಿಯಿತು.

ಆದರೂ ಅವರಿಗೆ ಸಮಾಧಾನವಾಗಲಿಲ್ಲ. ವಸ್ತುವನ್ನು ಮಧ್ಯಸ್ಥಾನಕ್ಕೆ ಹಿಂದೆಳೆಯುವ ಬಲವು ಅದು ಸರಿದ ದೂರಕ್ಕೆ ಅನುಪಾತದಲ್ಲಿದ್ದರೆ ಮಾತ್ರ ಚಲನೆಯು ಸರಳ ಸಂಗತ ಚಲನೆಯಾಗುತ್ತದೆ. ಆಗ ತೂಗಾಟ ದೊಡ್ಡದಿರಲಿ, ಚಿಕ್ಕದಿರಲಿ, ಆವರ್ತಕಾಲ ಒಂದೇ. ಲೋಲಕದಲ್ಲಿ ಈ ಬಲವು ಕೋನಕ್ಕಲ್ಲ, ಕೋನದ ಸೈನ್ ಬೆಲೆಗೆ ಅನುಪಾತದಲ್ಲಿರುತ್ತದೆ. ಚಿಕ್ಕ ಕೋನಗಳಲ್ಲಿ ಇವೆರಡೂ ಬಹುತೇಕ ಸಮ. ಆದರೆ ಎರಡೂ ಬದಿಗೆ 30 ಡಿಗ್ರಿ ತೂಗಿದರೆ ಆವರ್ತಕಾಲವು ಶೇ. 1.7ರಷ್ಟು ಹೆಚ್ಚಿ, ಕಿರಿದಾದ ತೂಗಾಟಕ್ಕೆ ಹೊಂದಿಸಿದ ಗಡಿಯಾರವು ದಿನಕ್ಕೆ ಸುಮಾರು 25 ನಿಮಿಷ ಹಿಂದೆ ಬೀಳುತ್ತದೆ. ಸಾಮಾನ್ಯ ಲೆಕ್ಕಪತ್ರದಲ್ಲಿಯೂ ಕ್ಷಮಿಸಲಾಗದ ಕೊರತೆಯಿದು! 1659ರಲ್ಲಿ ಅವರು ಪರಿಹಾರ ಕಂಡುಕೊಂಡರು. ಉರುಳುವ ಗಾಲಿಯ ಅಂಚಿನ ಬಿಂದು ರಚಿಸುವ ಚಕ್ರಜ ರೇಖೆಯಲ್ಲಿ ಗುಂಡು ಚಲಿಸಿದರೆ ಬಲವು ಕರಾರುವಾಕ್ಕಾಗಿ ದೂರಕ್ಕೆ ಅನುಪಾತದಲ್ಲಿರುವುದೆಂದು ಸಾಧಿಸಿ, ದಾರವು ಆ ಪಥ ಹಿಡಿಯುವಂತೆ ಇಕ್ಕೆಲಗಳಲ್ಲಿ ಬಾಗಿದ ತಗಡುಗಳನ್ನು ಇರಿಸಿದರು. 1673ರಲ್ಲಿ ಈ ಸಿದ್ಧಾಂತವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಮುಂದೆ ಕಿರಿದಾದ ತೂಗಾಟವೇ ಸಾಕೆಂದು ಕಂಡುಬಂದು ತಗಡುಗಳು ಬಳಕೆಯಿಂದ ಮರೆಯಾದವು, ಗಣಿತ ಉಳಿಯಿತು.

ಕಡಲಿನಲ್ಲಿ ಮಾತ್ರ ಲೋಲಕವು ಕೈಕೊಟ್ಟಿತು. ಬಿರುಗಾಳಿಯ ಓಲಾಟಕ್ಕೆ ಗಡಿಯಾರಗಳು ನಿಂತುಬಿಡುತ್ತಿದ್ದವು. 1675ರಲ್ಲಿ ಹೈಗೆನ್ಸ್, ಗುರುತ್ವವನ್ನು ಅವಲಂಬಿಸದ ಸುರುಳಿ ಸ್ಪ್ರಿಂಗನ್ನು ಗಡಿಯಾರದ ಸಮತೋಲನ ಚಕ್ರಕ್ಕೆ ಜೋಡಿಸಿದರು. ಇಂಗ್ಲೆಂಡಿನ ರಾಬರ್ಟ್ ಹುಕ್ ಅವರು ಈ ಉಪಾಯ ತಮ್ಮದೆಂದು ವಾದಿಸಿದರು.

1666ರಿಂದ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ಸೇವೆ ಸಲ್ಲಿಸಿದ ಹೈಗೆನ್ಸ್, ಅನಾರೋಗ್ಯದ ನಿಮಿತ್ತ 1681ರಲ್ಲಿ ಹೇಗ್‌ಗೆ ಮರಳಿ, ದಿನಾಂಕ 8-7-1695ರಂದು ಅಲ್ಲಿಯೇ ನಿಧನ ಹೊಂದಿದರು. ರೇಖಾಂಶದ ಸಮಸ್ಯೆ ಅವರ ಜೀವಿತಾವಧಿಯಲ್ಲಿ ಬಗೆಹರಿಯಲಿಲ್ಲ. 1761–62ರ ಜಮೈಕಾ ಯಾನದಲ್ಲಿ ಯಶಸ್ವಿಯಾದ ಜಾನ್ ಹ್ಯಾರಿಸನ್ ಅವರ ಗಡಿಯಾರದಲ್ಲಿ ಲೋಲಕವಿರಲಿಲ್ಲ. ಸಮತೋಲನ ಚಕ್ರವೂ ಸುರುಳಿ ಸ್ಪ್ರಿಂಗೂ ಇದ್ದವು.