ವ್ಯಾಯಾಮಾಚಾರ್ಯ ಕೆ. ವಿ. ಅಯ್ಯರ್

ತುಳುನಾಡಿನ ಕಾರ್ಕಳ, ಅಜೆಕಾರುಗಳ ಸೀಮೆಯಲ್ಲಿ ಗರಡಿ ಎಂದೊಡನೆ ವೀರರಾದ ಕೋಟಿ ಚೆನ್ನಯರ ನೆನಪಾಗುತ್ತದೆ. ಘಟ್ಟದ ಮೇಲಣ ಊರುಗಳಲ್ಲಿ ಗರಡಿ ಎಂದರೆ ಕೆಮ್ಮಣ್ಣಿನ ಅಖಾಡ, ಸಾಮು, ಕುಸ್ತಿ. ಎರಡೂ ಕಡೆ ಅದು ದೇಹಬಲದ ನೆಲೆ. ಆ ಬಲದ ವಿದ್ಯೆಯು ಎದುರಾಳಿಯನ್ನು ಕೆಡಹುವುದಕ್ಕೆ ಮಾತ್ರವಲ್ಲ, ಬಿದ್ದವರನ್ನು ಎಬ್ಬಿಸಿ ನಿಲ್ಲಿಸುವುದಕ್ಕೂ ಒದಗಬಲ್ಲದೆಂದು ತೋರಿಸಿಕೊಟ್ಟ ಕನ್ನಡಿಗರಲ್ಲಿ ಕೆ. ವಿ. ಅಯ್ಯರ್ ಅವರು ಪ್ರಮುಖರು.

ಕೋಲಾರ ಜಿಲ್ಲೆಯ ದೇವರಾಯಸಮುದ್ರದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವರು ಜನಿಸಿದರು. ಯೂರೋಪಿನ ಪ್ರಖ್ಯಾತ ವ್ಯಾಯಾಮಪಟು ಯೂಜಿನ್ ಸ್ಯಾಂಡೋ ಅವರ ಮಾದರಿ ಅಯ್ಯರ್ ಅವರನ್ನು ಆಕರ್ಷಿಸಿತು. ಆದರೆ ಅವರು ಪರದೇಶದ ಪದ್ಧತಿಯನ್ನು ಕಣ್ಣುಮುಚ್ಚಿ ಅನುಕರಿಸಲಿಲ್ಲ. ಭಾರ ಎತ್ತುವ ಸಾಧನೆಯೊಡನೆ ನಮ್ಮ ಯೋಗಾಸನ, ಸೂರ್ಯನಮಸ್ಕಾರಗಳನ್ನು ಬೆಸೆದರು. ಬೆಂಗಳೂರಿನ ಅವರ ವ್ಯಾಯಾಮಶಾಲೆಗೆ ತರುಣರು ಗುಂಪುಗುಂಪಾಗಿ ಬಂದರು. ಬರಲಾಗದ ದೂರದ ಊರಿನವರಿಗೆ ಅವರು ಅಂಚೆಯ ಮೂಲಕವೇ ಪಾಠ ಕಳುಹಿಸುತ್ತಿದ್ದರು. 1936ರಲ್ಲಿ ‘ಪರ್ಫೆಕ್ಟ್ ಫಿಸಿಕ್’, 1937ರಲ್ಲಿ ‘ಸೂರ್ಯ ನಮಸ್ಕಾರ್’ ಎಂಬ ಅವರ ಇಂಗ್ಲಿಷ್ ಗ್ರಂಥಗಳು ಪ್ರಕಟವಾದವು.

ಅವರ ವಿದ್ಯೆಗೆ ಕಠಿನ ಪರೀಕ್ಷೆಯೊಂದು ಕಾದಿತ್ತು. ಮೈಸೂರಿನ ಮಹಾರಾಜರು ಪಾರ್ಶ್ವವಾಯುವಿಗೆ ತುತ್ತಾದರು. ಅಯ್ಯರ್ ಅವರು ಅಂಗಮರ್ದನದಿಂದಲೂ ಕ್ರಮವಾದ ವ್ಯಾಯಾಮದಿಂದಲೂ ಅವರಿಗೆ ಚಿಕಿತ್ಸೆ ನೀಡಿ, ಚೇತರಿಕೆಗೆ ನೆರವಾದರು. ಮಹಾರಾಜರು ಈ ಉಪಕಾರವನ್ನು ಸ್ಮರಿಸಿ ವ್ಯಾಯಾಮಶಾಲೆಯ ಕಟ್ಟಡಕ್ಕೆ ಧನಸಹಾಯ ಮಾಡಿದರು.

ಇಂಥ ಚೇತರಿಕೆ ಪವಾಡವಲ್ಲ. ಚಲನೆಯಿಲ್ಲದೆ ಉಳಿದ ಅಂಗದ ಮಾಂಸಖಂಡಗಳು ಕೃಶವಾಗುತ್ತವೆ, ಕೀಲುಗಳು ಬಿಗಿಯುತ್ತವೆ. ಪಾರ್ಶ್ವವಾಯುವಿನಲ್ಲಿ ಮಿದುಳಿನ ಒಂದು ಭಾಗಕ್ಕೆ ಹಾನಿಯಾಗಿರುತ್ತದೆ. ಆದರೆ ಒಂದೇ ಚಲನೆಯನ್ನು ತಾಳ್ಮೆಯಿಂದ ಮತ್ತೆ ಮತ್ತೆ ಮಾಡಿಸಿದರೆ, ಉಳಿದ ಭಾಗಗಳು ಆ ಕೆಲಸವನ್ನು ಸ್ವಲ್ಪಮಟ್ಟಿಗೆ ಕಲಿತುಕೊಳ್ಳಬಲ್ಲವು. ಇಲ್ಲಿ ಔಷಧಕ್ಕಿಂತ ಹೆಚ್ಚಾಗಿ ರೋಗಿಯ ನಿತ್ಯಸಾಧನೆ ಫಲ ಕೊಡುತ್ತದೆ. ಚಿಕಿತ್ಸಕನು ದಾರಿ ತೋರಿಸಬಲ್ಲನು, ನಡೆಯಬೇಕಾದವನು ರೋಗಿಯೇ. ಅರಮನೆಯ ಅರಸನಿಗೂ ಗುಡಿಸಲಿನ ಬಡವನಿಗೂ ಈ ನಿಯಮ ಒಂದೇ.

ಗಾಯವಾಗದಂತೆ ತಡೆಯುವುದರಲ್ಲಿಯೂ ವ್ಯಾಯಾಮದ ಪಾತ್ರ ಹಿರಿದು. ಬಲವಾದ ಮಾಂಸಖಂಡವು ಕೀಲಿಗೆ ಊರುಗೋಲಿನಂತಿರುತ್ತದೆ. ಮೈಯನ್ನು ಮೊದಲು ಬೆಚ್ಚಗೆ ಮಾಡಿಕೊಂಡು, ಭಾರವನ್ನು ದಿನದಿಂದ ದಿನಕ್ಕೆ ಹಂತಹಂತವಾಗಿ ಹೆಚ್ಚಿಸಿದವನಿಗೆ ಉಳುಕಿನ ಭಯ ಕಡಮೆ. ಅವಸರಪಟ್ಟವನು ಬಹುಬೇಗ ನೋವಿಗೆ ಗುರಿಯಾಗುತ್ತಾನೆ. ಅಂದಿನ ವ್ಯಾಯಾಮಪಟುಗಳು ಹೇಳಿದ್ದೆಲ್ಲವನ್ನೂ ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಮುರಿದ ಮೂಳೆಯನ್ನು ತಿಕ್ಕಿದರೆ ಕೇಡು ಹೆಚ್ಚುತ್ತದೆ. ಮೊದಲು ವೈದ್ಯರ ಪರೀಕ್ಷೆ ನಡೆದು, ಅವರ ಸಲಹೆಯಂತೆ ವ್ಯಾಯಾಮ ಆರಂಭವಾಗಬೇಕು.

ಅಯ್ಯರ್ ಅವರು ನಾಟಕಕಾರ ಟಿ. ಪಿ. ಕೈಲಾಸಂ ಅವರ ಆತ್ಮೀಯರು. ಸ್ವತಃ ಶ್ರೇಷ್ಠ ಕಾದಂಬರಿಕಾರರು. ಹೊಯ್ಸಳ ರಾಣಿಯ ಕಥೆಯಾದ ‘ಶಾಂತಲಾ’ ಮತ್ತು ‘ರೂಪದರ್ಶಿ’ ಅವರಿಗೆ ಕೀರ್ತಿ ತಂದವು. ‘ರೂಪದರ್ಶಿ’ಯಲ್ಲಿ ಬಾಲಯೇಸುವಿನ ಚಿತ್ರಕ್ಕೆ ಮಾದರಿಯಾಗಿದ್ದ ಸುಂದರ ಬಾಲಕನೇ, ಬದುಕು ಕೆಟ್ಟು, ಮುಂದೆ ದ್ರೋಹಿ ಜೂದಾಸನ ಚಿತ್ರಕ್ಕೂ ಮಾದರಿಯಾಗುತ್ತಾನೆ. ನಾವು ಬದುಕುವ ರೀತಿ ನಮ್ಮ ರೂಪದಲ್ಲಿ ಅಚ್ಚೊತ್ತುತ್ತದೆ ಎಂಬುದನ್ನು, ದೇಹವನ್ನು ಬಲ್ಲ ಈ ಸಾಹಿತಿ ಮನಮುಟ್ಟುವಂತೆ ಚಿತ್ರಿಸಿದ್ದಾರೆ.

1980ರಲ್ಲಿ ಅಯ್ಯರ್ ಅವರು ನಿಧನರಾದರು. ಗರಡಿಯ ಅನುಭವದಿಂದ ಅವರು ಕಂಡುಕೊಂಡ ಸತ್ಯ ಇಂದು ಭೌತಚಿಕಿತ್ಸೆ, ಅಂದರೆ ಫಿಸಿಯೋಥೆರಪಿ, ಎಂಬ ಶಾಸ್ತ್ರದಲ್ಲಿ ವಿಸ್ತಾರವಾಗಿ ಬೆಳೆದಿದೆ. ಅಜೆಕಾರಿಗೆ ದೂರವಲ್ಲದ ಮಣಿಪಾಲದಲ್ಲಿ ವಿದ್ಯಾರ್ಥಿಗಳು ಅದನ್ನು ಪದವಿಯ ಮಟ್ಟದಲ್ಲಿ ಕಲಿಯುತ್ತಾರೆ. ಗದ್ದೆಯಲ್ಲಿ ಜಾರಿ ಬಿದ್ದ ರೈತನೂ ಆಟದಲ್ಲಿ ಕಾಲು ಉಳುಕಿಸಿಕೊಂಡ ಬಾಲಕನೂ ಅಲ್ಲಿ ಮೊದಲು ಕಲಿಯಬೇಕಾದುದು ತಾಳ್ಮೆ. ದೇಹಕ್ಕೆ ತಾನೇ ಮೇಲೇಳುವ ಶಕ್ತಿಯಿದೆ; ಆ ಶಕ್ತಿಯನ್ನು ಪ್ರತಿದಿನವೂ ಎಚ್ಚರಿಸಬೇಕು. ಅಯ್ಯರ್ ಅವರ ಬದುಕು ನಮಗೆ ಕಲಿಸುವ ಪಾಠ ಇದು.